ಬಾಣಂತಿ ಕೋಣೆಯ ಹಕ್ಕಿಗಳು

ಪಕ್ಕದ ಮನೆಯವರು ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸುತ್ತಾರೆ. ಮಡಿಕೇರಿಯ ನಮ್ಮ ಓಣಿಯಲ್ಲಿ ಎರಡು ಮನೆಗಳ ನಡುವೆ ಕೊಡೆ ಬಿಚ್ಚಿ ನಡೆಯುವಷ್ಟೂ ಜಾಗವಿಲ್ಲ; ಹಾಗಾಗಿ ಅವರ ದೇವರಿಗೆ ಹಾಕಿದ ಧೂಪದಲ್ಲಿ ನಮಗೂ ಒಂದು ಪಾಲು ಸಿಗುತ್ತದೆ. ಬೇಸಿಗೆಯಲ್ಲಿ ಬಂದರೆ ನನಗೇನೂ ಅನ್ನಿಸುವುದಿಲ್ಲ, ಒಳ್ಳೆಯ ವಾಸನೆಯೇ. ಮಳೆಗಾಲದಲ್ಲಿ ಬಂದರೆ ಮಾತ್ರ ಹಿಡಿದ ಕೆಲಸ ಬಿಟ್ಟು ಎದ್ದು ಹೋಗಿ ಕಿಟಕಿ ತೆರೆಯುತ್ತೇನೆ. ಧೂಪದ ಅಡಿಯಲ್ಲಿ ಇನ್ನೊಂದು ವಾಸನೆ ಇರುತ್ತದಲ್ಲ, ಕೆಂಡ ಬೂದಿ ಕಟ್ಟುವಾಗಿನದು, ಅದರ ಜೊತೆಗೆ ಅರ್ಧ ಒಣಗಿದ ಹತ್ತಿ ಬಟ್ಟೆಯದು, ಅದು ಮೂಗಿಗೆ ಬಡಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. "ಊರಿಗೆಲ್ಲ ಒಂದು ಮಳೆಗಾಲ, ನಿಂಗೇ ಒಂದು ಮಳೆಗಾಲ. ಹಾಕೇ ಮಾರಾಯ್ತಿ ಕಿಟಕಿ, ಹಾಸಿಗೆಯೆಲ್ಲ ಥಂಡಿ ಹಿಡೀತು" ಎಂದು ನನ್ನ ಗಂಡ ಗೊಣಗುತ್ತಾರೆ. ಗೊಣಗಲಿ. ಕಿಟಕಿ ತೆರೆದು ನಾನು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತೇನೆ, ಹಕ್ಕಿಗಳ ಸದ್ದು ಕೇಳುತ್ತದೆಯೋ ಎಂದು. ನಮ್ಮ ಮನೆಯಲ್ಲಿ ಹಕ್ಕಿ ಸಾಕಿಲ್ಲ, ಪಕ್ಕದವರೂ ಸಾಕಿಲ್ಲ. ಆದರೂ ನಿಲ್ಲುತ್ತೇನೆ.

ನಾನು ಬೆಳೆದದ್ದು ಚೆಟ್ಟಳ್ಳಿಯ ಹತ್ತಿರ ಒಂದು ಕಾಫಿ ಎಸ್ಟೇಟಿನ ರೈಟರ್ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ರೈಟರು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಪಿಕಿಂಗ್ ಕಾಲದಲ್ಲಿ ಹಣ್ಣು ತೂಗಿಸುವುದು, ವರ್ಷವಿಡೀ ಸಾಹುಕಾರರಿಂದ ಬೈಸಿಕೊಳ್ಳುವುದು ಅವರ ಕೆಲಸ. ಶನಿವಾರಸಂತೆ ಕಡೆಯಿಂದ ಹೋದವರು ನಾವು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ ಮತ್ತು ನಾನು, ಇಷ್ಟೇ ಜನ. ಹೆಂಚಿನ ಮನೆ, ಕೆಂಪು ಗಾರೆಯ ನೆಲ, ಹಿಂದೆ ಸೌದೆ ಕೊಟ್ಟಿಗೆ, ಮುಂದೆ ಸಣ್ಣ ಜಗಲಿ. ಅದು ಯಾವತ್ತೂ ನಮ್ಮದಾಗಿರಲಿಲ್ಲ. ಕೆಲಸ ಇರುವ ತನಕ ಮನೆ, ಕೆಲಸ ಮುಗಿದರೆ ಬೀಗದ ಕೈ ಒಪ್ಪಿಸಿ ನಡೆಯಬೇಕು. ಆದರೆ ಮಕ್ಕಳಿಗೆ ಈ ಲೆಕ್ಕಾಚಾರವೆಲ್ಲ ಎಲ್ಲಿ ಗೊತ್ತು? ಅಲ್ಲಿನ ಗೋಡೆಯ ಒಂದೊಂದು ಬಿರುಕಿಗೂ ನಾನು ಒಡತಿಯಾಗಿದ್ದೆ. ಈಗ ಕಣ್ಣು ಮುಚ್ಚಿದರೂ ಕತ್ತಲಲ್ಲಿ ತಡವರಿಸದೆ ಆ ಮನೆಯಲ್ಲಿ ಓಡಾಡಬಲ್ಲೆ.

ಮಳೆ ಹಿಡಿದರೆ ಅಲ್ಲಿ ಬಿಸಿಲೆಂಬುದು ಸುಳ್ಳು. ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟದ ಚೌಕಟ್ಟಿಗೂ ಬೂಷ್ಟು ಬೆಳೆಯುತ್ತಿತ್ತು. ಒಗೆದ ಬಟ್ಟೆ ಒಣಗಬೇಕಾದರೆ ಕೆಂಡವೇ ಗತಿ. ಸ್ನಾನದ ಹಂಡೆಯ ಒಲೆಯಿಂದ ಕೆಂಡ ತೋಡಿ, ಕಬ್ಬಿಣದ ಅಗ್ಗಿಷ್ಟಿಕೆಗೆ ಸುರಿದು, ಮೇಲೆ ಕಾಫಿ ಕೊರಡಿನ ಇದ್ದಿಲು ಹಾಕಿ, ಅದರ ಮೇಲೊಂದು ಬಿದಿರಿನ ಮಂಕರಿ ಕವುಚಿ, ಮಂಕರಿಯ ಮೇಲೆ ಬಟ್ಟೆ ಹರಡುತ್ತಿದ್ದರು. ನಮ್ಮ ಯೂನಿಫಾರ್ಮೆಲ್ಲ ಹೊಗೆಯ ವಾಸನೆ. ತರಗತಿಯಲ್ಲಿ ಕಣ್ಣು ಮುಚ್ಚಿಕೊಂಡೇ ಯಾರ ಮನೆಯಲ್ಲಿ ಯಾವ ಸೌದೆ ಉರಿಯುತ್ತದೆಂದು ಹೇಳಬಹುದಿತ್ತು. ಬಟ್ಟೆ ಒಣಗಿದ ಮೇಲೆ ಅಜ್ಜಿ ಉಳಿದ ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿ ಹಾಕಿ, ನನ್ನ ತಲೆಗೂದಲನ್ನು ಅದರ ಮೇಲೆ ಹರಡಿ ಹಿಡಿಯುತ್ತಿದ್ದರು. ಆ ಬೆಚ್ಚಗಿನ ಹೊಗೆಯಲ್ಲಿ ತಲೆ ಇಟ್ಟುಕೊಂಡು ತೂಕಡಿಸುವ ಸುಖವನ್ನು ಏನೆಂದು ಹೇಳಲಿ! ಅದರಲ್ಲಿ ಕೇಡಿರಬಹುದೆಂದು ಯಾರಾದರೂ ಅಂದಿದ್ದರೆ ಅಜ್ಜಿ ಅವರನ್ನು ಜಗಲಿ ಇಳಿಸಿ ಕಳಿಸುತ್ತಿದ್ದರು.

ನಾನು ಐದನೇ ಕ್ಲಾಸು ಪಾಸಾದ ಬೇಸಿಗೆಯಲ್ಲಿ ಅಪ್ಪ ಮಡಿಕೇರಿಯ ಶುಕ್ರವಾರದ ಸಂತೆಯಿಂದ ಲವ್ ಬರ್ಡ್ಸ್ ತಂದರು. ತಂತಿಯ ಪಂಜರ, ಅದರೊಳಗೆ ಗೂಡಿಗೆಂದು ತೂತು ಮಾಡಿದ ಪುಟ್ಟ ಮಡಿಕೆ, ನಾಲ್ಕು ಹಕ್ಕಿಗಳು. ಹಸುರಿನ ಜೋಡಿಗೆ ಲಕ್ಷ್ಮಿ, ಸೀನ ಎಂದೂ, ನೀಲಿ ಹೆಣ್ಣಿಗೆ ರಾಣಿ ಎಂದೂ, ಹಳದಿ ಗಂಡಿಗೆ ರಾಜ ಎಂದೂ ನಾನೇ ಹೆಸರಿಟ್ಟೆ. ಬೆಳಗಾದರೆ ಸಾಕು, ಕಿಚಪಿಚ ಶುರು. "ಇವುಕ್ಕೇನು ಬಾಯಿ ನೋಯಾಕಿಲ್ವೇನೇ? ಆಳುಗಳ ಲೈನ್ ಮನೆ ನಲ್ಲೀತಾವ ಜಗಳ ಆಡ್ದಂಗೆ ಆಡ್ತವೆ" ಎಂದು ಅಜ್ಜಿ ರೇಗುತ್ತಿದ್ದರು. ರೇಗುತ್ತಲೇ ನವಣೆಯನ್ನು ಮೊರದಲ್ಲಿ ಕೇರಿ ಕಲ್ಲು ಆರಿಸಿ ಕೊಡುತ್ತಿದ್ದರು. ರಾಜನಿಗೆ ಅಜ್ಜಿಯೆಂದರೆ ಆಗುತ್ತಿತ್ತು. ಅವರು ಎಲೆಯಡಿಕೆ ಕುಟ್ಟುವ ಟಕಟಕ ಸದ್ದನ್ನು ಕಲಿತು, ಅವರು ಕುಟ್ಟುವುದು ನಿಲ್ಲಿಸಿದ ಮೇಲೂ ತಾನು ಮುಂದುವರಿಸುತ್ತಿದ್ದ. ಅಜ್ಜಿ ಬೊಚ್ಚು ಬಾಯಿ ತೆರೆದು ನಗುತ್ತಿದ್ದರು.

ಆ ಜೂನ್ ಕೊನೆಯಲ್ಲಿ ಅಪ್ಪನ ತಂಗಿ ಸುಶೀಲತ್ತೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಮಡಿಕೇರಿಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಮಗುವನ್ನು ಕಂಬಳಿಯಲ್ಲಿ ಸುತ್ತಿ ಎಸ್ಟೇಟಿನ ಜೀಪಿನಲ್ಲಿ ಮನೆಗೆ ತಂದ ದಿನ ಎದುರಿನ ಗುಡ್ಡ ಕಾಣದಷ್ಟು ಮಳೆ. ಹಿಂದಿನ ಕೋಣೆಯನ್ನು ಅಜ್ಜಿ ಮೊದಲೇ ಸಜ್ಜು ಮಾಡಿಟ್ಟಿದ್ದರು. ಅದಕ್ಕೆ ಒಂದೇ ಕಿಟಕಿ. ಕಿಟಕಿಯ ಸಂದಿಗೆ ಹಳೆ ಸೀರೆ ಹರಿದು ತುರುಕಿದ್ದರು. ಮೇಲಿನ ಗಾಳಿಗಂಡಿಗೆ ಗೋಣಿಚೀಲ ಹೊಡೆದಿದ್ದರು. ಹಗ್ಗದ ಮಂಚದ ಕೆಳಗೊಂದು ಅಗ್ಗಿಷ್ಟಿಕೆ, ಮೂಲೆಯಲ್ಲಿ ಮಂಕರಿ ಕವುಚಿದ ಇನ್ನೊಂದು. ಬಾಣಂತಿಯ ಬೆನ್ನು ಕಾಯಬೇಕು, ಮಗುವಿನ ಬಟ್ಟೆ ಒಣಗಬೇಕು, ಮೂರು ಹೊತ್ತೂ ಕೆಂಡ ಆರಬಾರದು. ದಿಂಬಿನ ಕೆಳಗೆ ಕುಡುಗೋಲು. ಬೆಳ್ಳುಳ್ಳಿ ಸಿಪ್ಪೆ, ಓಮ, ಸಾಂಬ್ರಾಣಿ ಕೆಂಡಕ್ಕೆ ಬೀಳುತ್ತಲೇ ಇದ್ದವು. ಅಮ್ಮ ಒಮ್ಮೆ ಮೆಲ್ಲಗೆ, "ಕಿಟಕಿ ಒಂಚೂರು ತೆಗೀಲಾ ಅತ್ತೆ? ಸುಶೀಗೆ ತಲೆ ಭಾರ ಅಂತಾಳೆ" ಎಂದದ್ದಕ್ಕೆ ಅಜ್ಜಿ, "ತೆಗ್ದು ನಾನು ಕಂಡಿದ್ದು ಸಾಕು, ಸುಮ್ಕಿರವ್ವ" ಎಂದು ಬಾಯಿ ಮುಚ್ಚಿಸಿದರು.

ಅಜ್ಜಿ ಕಂಡದ್ದೇನೆಂದು ಮನೆಯವರಿಗೆಲ್ಲ ಗೊತ್ತಿತ್ತು. ಅಪ್ಪನಿಗಿಂತ ಮೊದಲು ಅವರಿಗೊಬ್ಬ ಮಗ ಹುಟ್ಟಿದ್ದ, ಇನ್ನೂ ಹೆಸರಿಟ್ಟಿರದ ಕೂಸು. ಅದೂ ಇಂಥದೇ ಆಷಾಢ, ಅಜ್ಜಿಯ ತವರಿನಲ್ಲಿ, ಇಂಥದೇ ಬಾಣಂತಿ ಕೋಣೆ. ಒಂದು ಮಧ್ಯಾಹ್ನ ಉಸಿರು ಕಟ್ಟಿದ ಹಾಗಾಗಿ ಅಜ್ಜಿ ಎದ್ದು ಕಿಟಕಿಯನ್ನು ಅಂಗೈಯಗಲ ತೆರೆದು, ಮತ್ತೆ ಮುಚ್ಚಿ ಮಲಗಿದರಂತೆ. ಎದ್ದು ನೋಡಿದಾಗ ಮಗುವಿಗೆ ಉಸಿರಿರಲಿಲ್ಲ. "ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಕೆನ್ನೆ ನೋಡಿದ್ರೆ ಕಾಫಿ ಹಣ್ಣಿನಂಗೆ ಕೆಂಪಗೆ ಥಳಥಳ ಅಂತಿದ್ದ. ನಿದ್ದೆ ಮಾಡ್ತಾವ್ನೆ ಅಂದ್ಕಂಡು ಮೊಲೆಗಿಟ್ಟೆ ಕಣೇ" ಎಂದು ಅಜ್ಜಿ ಹೇಳುತ್ತಿದ್ದರು. ತೆರೆದ ಆ ಅಂಗೈಯಗಲದ ಸಂದಿಯಿಂದ ಏನೋ ಒಳಗೆ ಬಂತು, ಮಗುವನ್ನು ಮುಟ್ಟಿ ಹೋಯಿತು ಎಂಬುದು ಅವರ ನಂಬಿಕೆ. ಅದಕ್ಕೆ ಅವರು ಹೆಸರಿಟ್ಟಿರಲಿಲ್ಲ. ಪಿಶಾಚಿ ಅನ್ನುತ್ತಿರಲಿಲ್ಲ, ದೆವ್ವ ಅನ್ನುತ್ತಿರಲಿಲ್ಲ. "ಅದು" ಎನ್ನುತ್ತಿದ್ದರು, ಅಷ್ಟೇ. ಹೇಳುವಾಗ ದನಿ ತಗ್ಗುತ್ತಿತ್ತು. ಕೇಳುವಾಗ ನಾನು ಕಿಟಕಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ.

ಹಕ್ಕಿಗಳು ಆ ಕೋಣೆ ಸೇರಿದ್ದು ಪ್ರೀತಿಯಿಂದಲೇ. ಜಗಲಿಯ ಎರಚಲಿಗೆ ಅವು ಮೈ ಉಬ್ಬಿಸಿಕೊಂಡು ಮುದುಡಿದ್ದವು. "ಅಯ್ಯೋ ಶಿವನೆ, ಬಾಯಿಲ್ಲದ ಜೀವ. ಒಳೀಕೆ ಮಡಗು, ಮಗೂಗೂ ಆಟ ಆಯ್ತದೆ" ಎಂದು ಅಜ್ಜಿಯೇ ಪಂಜರವನ್ನು ಒಳಗೆ ತರಿಸಿ, ಮಂಚದ ತಲೆದೆಸೆಯ ಗೂಟಕ್ಕೆ ತೂಗುಹಾಕಿಸಿದರು. ಮೊದಲ ಕೆಲವು ದಿನ ಆ ಕೋಣೆ ನನಗೆ ಸ್ವರ್ಗ. ಹೊರಗೆ ಮಳೆ ಬೋರೆಂದು ಸುರಿಯುತ್ತಿದ್ದರೆ ಒಳಗೆ ಕೆಂಡದ ಕೆಂಪು ಬೆಳಕು, ಮಗುವಿನ ಎಣ್ಣೆ ವಾಸನೆ, ಹಕ್ಕಿಗಳ ಕಿಚಪಿಚ, ಅತ್ತೆಯ ಸಣ್ಣ ದನಿಯ ಹಾಡು. ಸ್ಕೂಲಿನಿಂದ ಬಂದವಳೇ ಅಲ್ಲಿ ನುಸುಳಿ ಅತ್ತೆಯ ಕಾಲ ಬುಡದಲ್ಲಿ ಕೂರುತ್ತಿದ್ದೆ. ಕೂತಷ್ಟು ಹೊತ್ತೂ ನಿದ್ದೆ ಎಳೆಯುತ್ತಿತ್ತು, ಎದ್ದು ಹೊರಗೆ ಬಂದರೆ ತಲೆ ಸಿಡಿಯುತ್ತಿತ್ತು. ಬೆಚ್ಚಗಿನ ಜಾಗದಿಂದ ಥಂಡಿಗೆ ಬಂದದ್ದಕ್ಕೆ ಹಾಗಾಗುತ್ತದೆ ಎಂದು ಅಮ್ಮ ಅಮೃತಾಂಜನ ಹಚ್ಚುತ್ತಿದ್ದಳು.

ಮೊದಲು ಹೋದದ್ದು ಲಕ್ಷ್ಮಿ. ಬೆಳಿಗ್ಗೆ ನೋಡಿದರೆ ಪಂಜರದ ತಳದಲ್ಲಿ ಕಾಲು ಮೇಲೆ ಮಾಡಿ ಬಿದ್ದಿದ್ದಳು. ನಾನು ಹೋ ಎಂದು ಅತ್ತುಬಿಟ್ಟೆ. ಅಜ್ಜಿ ಅವಳನ್ನು ಅಂಗೈಯಲ್ಲಿ ಇಟ್ಟುಕೊಂಡು ಕೆಂಡದ ಬೆಳಕಿನಲ್ಲಿ ತುಂಬ ಹೊತ್ತು ನೋಡಿದರು. ಮತ್ತೆ ಮಂಚದ ಮೇಲಿನ ಮಗುವನ್ನು ನೋಡಿದರು. "ಅಳಬ್ಯಾಡ ಪುಟ್ಟಿ. ಮಗೂಗೆ ಬಂದದ್ದನ್ನ ಇದು ತನ್ ಮೇಲೆ ಹಾಕ್ಕಂಡು ಹೋಯ್ತು. ನಿನ್ ಹಕ್ಕಿ ದೊಡ್ಡ ಕೆಲ್ಸ ಮಾಡ್ತು" ಎಂದರು. ಅತ್ತೆ ಕೈಮುಗಿದಳು. ನಾನೂ ಕಣ್ಣೊರೆಸಿಕೊಂಡು ಕೈಮುಗಿದೆ. ನಾಲ್ಕು ದಿನ ಕಳೆಯುವುದರೊಳಗೆ ಸೀನ ಹೋದ. ಈಗ ಅಜ್ಜಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಅದು ಬಂದಿದೆ, ಮನೆ ಸುತ್ತ ಇದೆ, ಹಕ್ಕಿಗಳು ತಡೆಯುತ್ತಿವೆ. ಅಪ್ಪನನ್ನು ಕರೆದು, "ಮಡಿಕೇರಿಗೆ ಹೋಗಿ ಇನ್ನೊಂದು ಜೊತೆ ತಗಂಬಾರ್ಲಾ. ಪಂಜರ ಖಾಲಿ ಬುಡಬಾರ್ದು" ಎಂದರು. ಅಪ್ಪ ದೇವರು ದಿಂಡರೆಂದರೆ ನಗುವ ಮನುಷ್ಯ. ಆದರೆ ತಂಗಿಯ ಮಗುವಿನ ಪ್ರಶ್ನೆ. ಮರುಮಾತಾಡದೆ ಹೋಗಿ ಬಿಳಿಯ ಜೋಡಿಯೊಂದನ್ನು ತಂದರು. ಅವಕ್ಕೆ ಹೆಸರಿಡಲು ನನಗೆ ಮನಸ್ಸಾಗಲಿಲ್ಲ.

ಇಂದು ಯೋಚಿಸಿದರೆ, ಅಜ್ಜಿ ಅಂದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆ ಕೋಣೆಯಲ್ಲಿ ಏನೋ ಇತ್ತು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ಮಗುವಿಗಾಗಿಯೇ ಬಂದಿತ್ತು, ಮಗುವಿಗಿಂತ ಮೊದಲು ಹಕ್ಕಿಗಳನ್ನು ತೆಗೆದುಕೊಳ್ಳುತ್ತಿತ್ತು. ಎಲ್ಲವನ್ನೂ ಅವರು ಸರಿಯಾಗಿ ಕಂಡಿದ್ದರು. ಅದು ಎಲ್ಲಿಂದ ಬರುತ್ತಿದೆ ಎಂಬುದೊಂದನ್ನು ಬಿಟ್ಟು.

ಹಕ್ಕಿಗಳ ನಡತೆ ಬದಲಾಯಿತು. ಅವು ಈಗ ಜಗಳವಾಡುತ್ತಿರಲಿಲ್ಲ. ನಾಲ್ಕೂ ಪಂಜರದ ಒಂದೇ ಬದಿಗೆ, ಗೋಡೆಯ ಕಡೆಗೆ ಒತ್ತಿಕೊಂಡು, ಕೊಕ್ಕು ತೆರೆದು, ಉಸಿರಿಗೊಮ್ಮೆ ಬಾಲ ಕುಣಿಸುತ್ತ ಕೂತಿರುತ್ತಿದ್ದವು. ಪಂಜರ ತಿರುಗಿಸಿಟ್ಟರೆ ಇತ್ತ ಸರಿದು ಮತ್ತೆ ಅದೇ ಗೋಡೆಗೆ ಮುಖ. ಅಲ್ಲಿ ಏನಿದೆಯೆಂದು ನಾವೆಲ್ಲ ನೋಡಿದೆವು. ಏನೂ ಇಲ್ಲ, ಬರೀ ಸುಣ್ಣದ ಗೋಡೆ. ಆ ದಿನಗಳಲ್ಲೇ ಅತ್ತೆ ಒಂದು ಮಧ್ಯಾಹ್ನ ಅಮ್ಮನ ಕೈ ಹಿಡಿದು, "ಅತ್ತಿಗೆ, ಆ ಮೂಲೇಲಿ ಯಾರು ಕೂತಿರಾದು? ಬೆನ್ನು ಮಾತ್ರ ಕಾಣ್ತದೆ" ಎಂದಳು. ಮೂಲೆಯಲ್ಲಿ ಮಂಕರಿಯ ಮೇಲೆ ಮಗುವಿನ ಬಟ್ಟೆ ಹರಡಿತ್ತು, ಅಷ್ಟೇ. ಅಮ್ಮ ನಗಲು ನೋಡಿದಳು, ಆಗಲಿಲ್ಲ. ಅತ್ತೆಯ ಕಣ್ಣು ನಮ್ಮ ಮೇಲಿರಲಿಲ್ಲ. ಮಾತು ನಾಲಿಗೆಯಲ್ಲೇ ತೊಡರುತ್ತಿತ್ತು; ಹಾಲೂಡಿಸುತ್ತಲೇ ನಿದ್ದೆಗೆ ಜಾರುತ್ತಿದ್ದಳು. ಆವತ್ತಿನಿಂದ ನಾನು ಆ ಕೋಣೆಗೆ ಒಬ್ಬಳೇ ಹೋಗುವುದನ್ನು ಬಿಟ್ಟೆ.

ಆ ಗೋಡೆಯಲ್ಲಿ ನಮ್ಮ ಕಣ್ತಪ್ಪಿದ ಒಂದು ತೂತಿತ್ತು. ಹಿಂದೆ ಆ ಮನೆಯಲ್ಲಿದ್ದ ಯಾವ ರೈಟರೋ ರೇಡಿಯೋ ತಂತಿ ಎಳೆಯಲೆಂದು ಕಿಟಕಿಯ ಪಕ್ಕದಲ್ಲಿ ಕೊರೆಸಿದ್ದು, ಹೆಬ್ಬೆರಳು ತೂರುವಷ್ಟು. ಹಕ್ಕಿಗಳು ನೋಡುತ್ತಿದ್ದುದು ಆ ತೂತನ್ನು ಎಂದು ಮೊದಲು ಕಂಡುಕೊಂಡವರು ಅಜ್ಜಿಯೇ. ಬೆರಳಿಟ್ಟು ನೋಡಿದರು, ಸಣ್ಣಗೆ ಗಾಳಿ. ಅಜ್ಜಿಯ ಮುಖ ಬಿಳಿಚಿತು. "ಇಲ್ಲಿಂದ್ಲೇ ಬತ್ತಾ ಐತೆ. ನಮ್ ಕಣ್ಣಿಗೆ ಕಾಣಾಕಿಲ್ಲ, ಹಕ್ಕಿಗೆ ಕಾಣ್ತದೆ, ಅದ್ಕೇ ಇತ್ಲಾಗೆ ನೋಡ್ತಾ ಕಾವಲು ಕೂತವೆ" ಎಂದರು. ತಮ್ಮ ಸೆರಗಿನ ಅಂಚನ್ನೇ ಹರಿದು, ವಿಭೂತಿಯಲ್ಲಿ ಹೊರಳಿಸಿ, ತೂತಿಗೆ ತುರುಕಿ, ಸೌದೆಯ ಚೂರಿನಿಂದ ಗಟ್ಟಿಯಾಗಿ ಬಡಿದರು. ಪಾಪ, ಹಕ್ಕಿಗಳು ಕಾವಲು ಕಾಯುತ್ತಿರಲಿಲ್ಲ, ಉಸಿರು ಹುಡುಕುತ್ತಿದ್ದವು. ಆ ಮುಚ್ಚಿದ ಕೋಣೆಗೆ ಹೊರಗಿನ ಗಾಳಿ ಬರುತ್ತಿದ್ದುದು ಅದೊಂದೇ ದಾರಿಯಿಂದ. ಮಾರನೆಯ ದಿನ ಬಿಳಿಯ ಜೋಡಿ ಎರಡೂ ಒಟ್ಟಿಗೆ ಹೋದವು, ಸಂಜೆಗೆ ರಾಣಿ. ರಾಜನೊಬ್ಬ ಉಳಿದ.

ಅದರ ಮರುದಿನ ಜಿಲ್ಲೆಗೆಲ್ಲ ಮಳೆ ರಜೆ. ಕರೆಂಟು ಹೋಗಿ ಎಷ್ಟೋ ದಿನವಾಗಿತ್ತು. ತೋಟದಲ್ಲಿ ಮರ ಬಿದ್ದಿದೆಯೆಂದು ಅಪ್ಪ ಆಳುಗಳ ಜೊತೆ ಹೋಗಿದ್ದರು. ಮಗುವಿನ ಬಟ್ಟೆ ಒಂದೂ ಒಣಗಿರಲಿಲ್ಲವೆಂದು ಅಜ್ಜಿ ಅಗ್ಗಿಷ್ಟಿಕೆಯನ್ನು ಅಂಚಿನವರೆಗೆ ತುಂಬಿಸಿದ್ದರು. ನಾನೂ ಅಮ್ಮನೂ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಹಲಸಿನ ಬೀಜ ಸುಡುತ್ತಿದ್ದೆವು. ಮುಚ್ಚಿದ ಬಾಗಿಲಾಚೆಯಿಂದ ಅಜ್ಜಿ ಎಲೆಯಡಿಕೆ ಕುಟ್ಟುವ ಟಕಟಕ ಕೇಳುತ್ತಿತ್ತು. ಅಜ್ಜಿ ನಿಲ್ಲಿಸಿದರು, ರಾಜ ಮುಂದುವರಿಸಿದ. ನಾನೂ ಅಮ್ಮನೂ ಮುಖ ನೋಡಿಕೊಂಡು ನಕ್ಕೆವು. ಟಕ, ಟಕ. ಸ್ವಲ್ಪ ಬಿಟ್ಟು ಇನ್ನೊಂದು ಟಕ. ಆಮೇಲೆ ಮಳೆಯ ಸದ್ದು ಮಾತ್ರ. ಅಷ್ಟು ದಿನ ಮಳೆಯ ಅಡಿಯಲ್ಲಿ ಸದಾ ಹಕ್ಕಿ ದನಿಯೊಂದು ಇರುತ್ತಿತ್ತೆಂದು ನನಗೆ ಗೊತ್ತಾದದ್ದೇ ಅದು ನಿಂತಾಗ. ಅಮ್ಮನ ಕೈ ಇಕ್ಕಳದ ಮೇಲೆ ಹಾಗೇ ನಿಂತಿತು.

ದಡಾರೆಂದು ಬಾಗಿಲು ತೆರೆಯಿತು. ಅಜ್ಜಿ ಮಗುವನ್ನು ಎದೆಗವಚಿಕೊಂಡು, ತೂರಾಡುತ್ತ, ಗೋಡೆ ಹಿಡಿಯುತ್ತ ಹೊರಗೆ ಬಂದರು. ಬಂದವರು ನಮ್ಮ ಹತ್ತಿರ ನಿಲ್ಲಲಿಲ್ಲ. ನಡುಮನೆ ದಾಟಿ, ಮುಂಬಾಗಿಲು ತಳ್ಳಿ, ಮಗುವಿನ ಕುಲಾವಿಯನ್ನು ಕಿತ್ತು ಎಸೆದು, ನೇರ ಜಗಲಿಗೆ, ಆ ಎರಚಲಿಗೆ ಹೋಗಿ ನಿಂತರು. ಇಷ್ಟು ದಿನ ಮಗುವಿನ ಮೇಲೆ ಗಾಳಿ ಸುಳಿಯಲೂ ಬಿಡದ ಅಜ್ಜಿ! ಅಮ್ಮ, "ಅತ್ತೆ, ಅತ್ತೆ, ಥಂಡಿ!" ಎಂದು ಓಡಿದಳು. "ಸುಶೀನ ಎಳ್ಕಂಡು ಬಾ!" ಎಂದು ಅಜ್ಜಿ ಕಿರುಚಿದರು. "ಅದು ಒಳಗೈತೆ. ಒಳಗೇ ಐತೆ, ಹೊರಗಿಲ್ಲ! ತೂತು ಮುಚ್ಚಿದ್ರೂ ಕೊನೇ ಹಕ್ಕೀನೂ ಬಿದ್ಬುಡ್ತು. ಕೆನ್ನೆ ನೋಡು, ಮಗೀನ ಕೆನ್ನೆ ನೋಡೇ!" ನಾನು ನೋಡಿದೆ. ಮಗುವಿನ ಕೆನ್ನೆ ಕಾಫಿ ಹಣ್ಣಿನ ಕೆಂಪು. ಅಷ್ಟು ಚೆಂದದ ಮಗುವನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಅದು ಅಳುತ್ತಿರಲಿಲ್ಲ, ಕಣ್ಣು ತೆರೆಯುತ್ತಿರಲಿಲ್ಲ.

ನಾನೂ ಅಮ್ಮನೂ ಅತ್ತೆಯನ್ನು ಮಂಚದಿಂದ ಇಳಿಸಿ ಚಾಪೆ ಸಮೇತ ಎಳೆದು ತಂದೆವು. ಅವಳ ತಲೆ ಹೊಸಿಲಿಗೆ ಬಡಿದರೂ ಎಚ್ಚರವಾಗಲಿಲ್ಲ. ಗಾಳಿ ಮಳೆಯ ನೀರನ್ನು ತಂದು ನಮ್ಮ ಮುಖಕ್ಕೆ ಎರಚುತ್ತಿತ್ತು. ಅಜ್ಜಿ ಮಗುವನ್ನು ಗಾಳಿಗೊಡ್ಡಿ, ಅದರ ಅಂಗಾಲಿಗೆ ಬೆರಳಿನಿಂದ ಚಿಮ್ಮುತ್ತ, "ಅಳವ್ವ, ಅಳೇ ನನ್ನವ್ವ, ಅಳೇ" ಎನ್ನುತ್ತಿದ್ದರು. ಎಷ್ಟೋ ಹೊತ್ತಾದ ಮೇಲೆ ಮಗು ಬಿಕ್ಕಳಿಸಿದ ಹಾಗೆ ಮಾಡಿ, ಬಾಯಿ ಸೊಟ್ಟ ಮಾಡಿ, ಸಣ್ಣಗೆ ಅತ್ತಿತು. ಅಷ್ಟರಲ್ಲಿ ನಮ್ಮ ಗಲಾಟೆ ಕೇಳಿ ಪಕ್ಕದ ಕ್ವಾರ್ಟರ್ಸಿನ ಡ್ರೈವರ್ ಮೊಯ್ದು ಓಡಿ ಬಂದರು. "ಎಂತ ಆಯ್ತು ಅಮ್ಮಾ? ಮಾತು ಆಮೇಲೆ, ಬೇಗ ಹತ್ತಿ, ಬೇಗ" ಎಂದು ಅತ್ತೆಯನ್ನು ಹೊತ್ತು ಜೀಪಿಗೆ ಹಾಕಿದರು. ಮಡಿಕೇರಿಯವರೆಗೂ ಜೀಪಿನ ಪರದೆ ಎತ್ತಿಯೇ ಹೋದೆವು. ಅಜ್ಜಿ ಇಳಿಸಲು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಅತ್ತೆಗೂ ಮಗುವಿಗೂ ಆಮ್ಲಜನಕ ಹಾಕಿದರು. ಸಂಜೆ ಅತ್ತೆ ಕಣ್ಣು ಬಿಟ್ಟು, ತಾನೆಲ್ಲಿದ್ದೇನೆಂದು ಕೇಳಿದಳು. ಅಷ್ಟು ಹೊತ್ತಿಗೆ ಅಪ್ಪನೂ ಬಂದಿದ್ದರು. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಸಿಡುಕಿನವರಲ್ಲ. "ಕೋಣೇಲಿ ಕೆಂಡ ಇಟ್ಟಿದ್ರಾ?" ಎಂದು ಕೇಳಿ, ಅಪ್ಪ ತಲೆಯಾಡಿಸಿದ ಮೇಲೆ ವಿವರಿಸಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಿಷಗಾಳಿ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆ ನೋಯುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ, ಆಮೇಲೆ ನಿದ್ದೆ. ಅಪ್ಪ ಹಕ್ಕಿಗಳ ವಿಷಯ ಹೇಳಿದಾಗ, "ಹಕ್ಕಿ ಇದ್ವಾ? ಅವು ಮೊದಲು ಹೋಗ್ತವೆ. ನಮ್ಮಷ್ಟು ಅವು ತಡ್ಕೊಳ್ಳಲ್ಲ. ಬರೀ ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿಯೇ ಅವಕ್ಕೆ ಆಗಲ್ಲ" ಎಂದರು. ನಮ್ಮಜ್ಜಿ ಬೆಂಚಿನ ತುದಿಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದರು. ಎದ್ದು ಬಂದು ಒಂದೇ ಪ್ರಶ್ನೆ ಕೇಳಿದರು. "ಮಗೀನ ಕೆನ್ನೆ ಕೆಂಪಗಾಗಾದು ಅದ್ರಿಂದ್ಲೇನವ್ವಾ?"

"ಹೌದಜ್ಜಿ, ಒಮ್ಮೊಮ್ಮೆ ಹಾಗಾಗುತ್ತೆ. ನೋಡಿದವರು ಮಗು ಚೆನ್ನಾಗಿದೆ ಅಂದ್ಕೊಳ್ತಾರೆ. ನೀವು ಗುರುತು ಹಿಡಿದದ್ದಕ್ಕೆ ಉಳೀತು" ಎಂದರು ಡಾಕ್ಟರಮ್ಮ. ಒಳ್ಳೆಯ ಮಾತನ್ನೇ ಆಡಿದ್ದರು. ಅಜ್ಜಿ ಕೈಮುಗಿದು ಮತ್ತೆ ಬೆಂಚಿಗೆ ಹೋಗಿ ಕೂತರು. ಅವರ ತೊಡೆಯ ಮೇಲೆ ಅಂಗೈ ಎರಡೂ ಮೇಲ್ಮುಖವಾಗಿ ಬಿದ್ದಿದ್ದವು. ಅಪ್ಪ ಪಕ್ಕದಲ್ಲಿ ಕೂತು "ಅವ್ವಾ" ಎಂದರು. ಅಲ್ಲಿಯತನಕ ಅಜ್ಜಿಯ ಚೊಚ್ಚಲ ಮಗನನ್ನು ಒಯ್ದದ್ದು ಹೊರಗಿನಿಂದ ಬಂದ ಯಾವುದೋ ಒಂದು. ಈಗ ಅದು ಮಗಳ ಬೆನ್ನು ಕಾಯಲೆಂದು ಅವರ ತಾಯಿ ಇಟ್ಟ ಕೆಂಡ, ಮತ್ತು ಅವರು ತಮ್ಮ ಕೈಯಾರೆ ಮತ್ತೆ ಮುಚ್ಚಿದ ಅಂಗೈಯಗಲದ ಕಿಟಕಿ. ಅಂದು ಸಂಜೆ ಅಲ್ಲೇ, ಆಸ್ಪತ್ರೆಯ ಮೊಗಸಾಲೆಯಲ್ಲಿ, ಮುಹೂರ್ತ ನೋಡದೆ, ಯಾರನ್ನೂ ಕೇಳದೆ, ಅಜ್ಜಿ ಮಗುವಿನ ಕಿವಿಯಲ್ಲಿ ಗೌರಿ ಎಂದು ಹೆಸರು ಕರೆದರು. ಆಷಾಢದಲ್ಲಿ ಹೆಸರಿಡುವುದುಂಟೇ ಎಂದು ಅಮ್ಮ ಪಿಸುಗುಟ್ಟಿದಳು. "ಹೆಸರು ಮಡಗದೆ ಇನ್ನೊಂದು ದಿನ ಬುಡಾಕಿಲ್ಲ ನಾನು" ಎಂದರು ಅಜ್ಜಿ.

ಮನೆಗೆ ಬಂದ ಮೇಲೆ ಅಜ್ಜಿ ಮೊದಲು ಮಾಡಿದ ಕೆಲಸವೆಂದರೆ ಆ ಕೋಣೆಗೆ ಹೋಗಿ, ತೂತಿಗೆ ಬಡಿದಿದ್ದ ಸೆರಗಿನ ಚೂರನ್ನು ಉಗುರಿನಿಂದ ಕೆರೆದು ಕೆರೆದು ತೆಗೆದದ್ದು. ಗಾಳಿ ಶಿಳ್ಳೆ ಹೊಡೆಯುತ್ತ ಒಳಗೆ ಬಂತು. ರಾಜ ಪಂಜರದಲ್ಲಿ ಹಾಗೇ ಬಿದ್ದಿದ್ದ, ಗೋಡೆಯ ಕಡೆಗೆ ಕೊಕ್ಕು ಮಾಡಿ. ಹಿತ್ತಲ ಕಿತ್ತಳೆ ಗಿಡದ ಬುಡದಲ್ಲಿ ಅವನನ್ನು ಹೂಳುವಾಗ ಅಜ್ಜಿ ಮಳೆಗೆ ತಲೆಗೂ ಬೆನ್ನಿಗೂ ಗೊರಬೆ ಹಾಕಿಕೊಂಡು ಜೊತೆಗೆ ಬಂದು ನಿಂತರು. "ಇದಕ್ಕೆ ಏನಂತ ಕರೀತಿದ್ದೆ?" ಎಂದು ಕೇಳಿದರು. ಅವರಿಗೆ ಗೊತ್ತಿಲ್ಲದ್ದೇನಲ್ಲ. "ರಾಜ" ಎಂದೆ. "ಹೆಸರಾದ್ರೂ ಇತ್ತಲ್ಲ" ಎಂದರು ಅಜ್ಜಿ. ಮಳೆಯಲ್ಲಿ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಪಂಜರವನ್ನು ತೊಳೆದು ಸೌದೆ ಕೊಟ್ಟಿಗೆಗೆ ಹಾಕಿದೆವು. ಮತ್ತೆ ನಮ್ಮ ಮನೆಗೆ ಹಕ್ಕಿ ಬರಲಿಲ್ಲ.

ಅಪ್ಪ ಕೆಲಸ ಬಿಟ್ಟಾಗ ಬೀಗದ ಕೈ ಒಪ್ಪಿಸಿ ಮಡಿಕೇರಿಯ ಈ ಓಣಿಗೆ ಬಂದೆವು; ಮದುವೆಯಾದ ಮೇಲೂ ನಾನು ಇಲ್ಲೇ ಉಳಿದೆ. ಕ್ವಾರ್ಟರ್ಸ್ ಈಗ ಹೋಮ್‌ಸ್ಟೇ ಆಗಿದೆ. ಹೋದ ವರ್ಷ ಗೌರಿ ತನ್ನ ಮಕ್ಕಳನ್ನು ಕರೆದುಕೊಂಡು ಬಂದಾಗ, ತಾನು ಕೂಸಾಗಿದ್ದಾಗ ಮಲಗಿದ್ದ ಕೋಣೆ ನೋಡಬೇಕೆಂದು ಹಟ ಹಿಡಿದಳು. ಹೋದೆವು. ಹೊಸ ಟೈಲ್ಸು, ದಪ್ಪ ಪರದೆ, ದೊಡ್ಡ ಮಂಚ. ತೂತಿದ್ದ ಕಡೆ ಸಿಮೆಂಟು ಮೆತ್ತಿ ಬಣ್ಣ ಬಳಿದಿದ್ದರು, ಆದರೂ ಕೈಯಾಡಿಸಿದರೆ ಗುರುತು ಸಿಕ್ಕಿತು. ಅಲ್ಲಿ ನಿಂತಾಗ ನನಗೆ ಟಕ, ಟಕ ಎಂದು ಕೇಳಿದ ಹಾಗಾಯಿತು. ಮಾಡಿನಿಂದ ಬೀಳುವ ಹನಿ ಇರಬೇಕು. ಗೌರಿಯೂ ತಲೆ ಎತ್ತಿ, "ಏನಕ್ಕಾ ಅದು?" ಎಂದಳು. ನಾನು ಕಿಟಕಿಯ ಚಿಲಕ ತೆಗೆದೆ.

ಅಜ್ಜಿಯ ಕೊನೆಯ ಮಳೆಗಾಲ ಈ ಮನೆಯಲ್ಲೇ ಕಳೆಯಿತು. ಕಂಬಳಿ ಹೊದ್ದು, ತೆರೆದ ಕಿಟಕಿಯ ಪಕ್ಕ ಕೂತಿರುತ್ತಿದ್ದರು. ಯಾರಾದರೂ ಮುಚ್ಚಲು ಹೋದರೆ ಕೋಲೆತ್ತುತ್ತಿದ್ದರು. ನಾನಾಗ ಕಾಲೇಜು ಮುಗಿಸಿದ್ದೆ. ಒಂದು ಸಂಜೆ ಪಕ್ಕದ ಮನೆಯ ಸಾಂಬ್ರಾಣಿ ಹೊಗೆ ತೇಲಿ ಬಂದಾಗ ಅಜ್ಜಿ ನನ್ನನ್ನು ಹತ್ತಿರ ಕರೆದರು. "ಪುಟ್ಟಿ, ನೀನು ಓದಿದೋಳು, ಹೇಳು. ಆವತ್ತು ನಮ್ಮವ್ವನ ಮನೇಲಿ ಒಂದು ಹಕ್ಕಿ ಇದ್ದಿದ್ರೆ?"

ಇಷ್ಟು ವರ್ಷ ಇದನ್ನೇ ಅರೆಯುತ್ತ ಕೂತಿದ್ದರೇ! ಸಮಾಧಾನ ಮಾಡಬೇಕಲ್ಲ ಎಂದು, "ಇದ್ದಿದ್ರೂ ಆ ಕಾಲದಲ್ಲಿ ಯಾರಿಗೆ ಗೊತ್ತಾಗ್ತಿತ್ತಜ್ಜಿ?" ಎಂದೆ.

"ಹಕ್ಕಿಗೆ ಗೊತ್ತಾಗಿರ್ತಿತ್ತು" ಎಂದರು ಅಜ್ಜಿ. ಗಾಳಿ ಬರುತ್ತಿತ್ತು, ಅವರ ಬಿಳಿ ಕೂದಲು ಹಾರುತ್ತಿತ್ತು. ನಾನು ಕಂಬಳಿ ಸರಿಮಾಡಿ, ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದೆ.